ಎತ್ತಿಗೆ ದಾರಿ ಗೊತ್ತಿತ್ತು, ಎಂಜಿನ್ನಿಗೆ ಗೊತ್ತಿಲ್ಲ

ಸಂತೆಯ ದಿನ ರಾಗಿಯನ್ನೋ ಹುರುಳಿಯನ್ನೋ ಮಾರಿ, ಕೈಗೆ ನಾಲ್ಕು ಕಾಸು ಬಂದಮೇಲೆ ಹೆಂಡದಂಗಡಿಯ ಮುಂದೆ ಒಂದು ಗಳಿಗೆ ಕುಳಿತು, ಆಮೇಲೆ ಗಾಡಿಯೊಳಗೆ ಕಾಲು ಚಾಚಿ ಮಲಗಿಬಿಡುತ್ತಿದ್ದ ಅಜ್ಜಂದಿರ ಕತೆಯನ್ನು ಹಳೇ ಮೈಸೂರು ಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಹೇಳುತ್ತಾರೆ. ಆನೇಕಲ್ ಸೀಮೆಯೂ ಅದಕ್ಕೆ ಹೊರತಲ್ಲ. ಹಗ್ಗ ಕೈಜಾರಿದರೂ ಚಿಂತೆಯಿರಲಿಲ್ಲ. ಎತ್ತುಗಳು ಕೆರೆ ಏರಿ ದಾಟಿ, ಹುಣಸೆಮರದ ತಿರುವು ಹಿಡಿದು, ಮನೆಯ ಕೊಟ್ಟಿಗೆಯ ಮುಂದೆ ನಿಂತು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ಅಜ್ಜಿ ಬೈಯುತ್ತಾ ಬಂದು ಗಂಡನನ್ನು ಇಳಿಸಿಕೊಳ್ಳುತ್ತಿದ್ದಳು. ಕುಡಿತದಿಂದ ಮನೆ ಹಾಳಾದದ್ದು ಆಗಲೂ ಉಂಟು. ಆದರೆ ಕುಡಿದವನ ಗಾಡಿಗೆ ಸಿಕ್ಕಿ ಎದುರಿನವನು ಸತ್ತ ಸುದ್ದಿ ಅಪರೂಪ.

ಆ ಅಜ್ಜನ ಮೊಮ್ಮಗನ ಬಳಿ ಈಗ 150 ಸಿಸಿಯ ಬೈಕು ಇದೆ. ಗಂಟೆಗೆ 80 ಕಿ.ಮೀ. ಓಡುವ ಅದಕ್ಕೆ ಮನೆಯ ದಾರಿ ಗೊತ್ತಿಲ್ಲ. ವಾಹನ ಬದಲಾಯಿತು, ರಸ್ತೆ ಬದಲಾಯಿತು. ಆದರೆ 'ಸ್ವಲ್ಪ ಹಾಕಿದ್ದಾನೆ, ಏನೂ ಆಗಲ್ಲ ಬಿಡಿ' ಎನ್ನುವ ಮಾತು ಮಾತ್ರ ಎತ್ತಿನ ಗಾಡಿಯ ಕಾಲದಿಂದ ಹಾಗೆಯೇ ಉಳಿದುಬಂದಿದೆ.

ಬದಲಾದ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಬಿತ್ತಿದಾಗ ಸುತ್ತ ಇದ್ದದ್ದು ರಾಗಿ ಹೊಲ, ನೀಲಗಿರಿ ತೋಪು. ಇಂದು ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಎಂದು ಕೈಗಾರಿಕಾ ಪ್ರದೇಶಗಳ ಸರಮಾಲೆಯೇ ಇದೆ. ಮೂರು ಪಾಳಿಗಳಲ್ಲಿ ದುಡಿಯುವ ಕಾರ್ಮಿಕರು, ಗ್ರಾನೈಟ್ ದಿಮ್ಮಿ ಹೊತ್ತ ಲಾರಿಗಳು, ಹೊಸೂರಿನ ಕಡೆಯಿಂದ ಬರುವ ಕಂಟೇನರುಗಳು, ಐಟಿ ಕಂಪನಿಗಳ ಕ್ಯಾಬುಗಳು, ಶಾಲಾ ವ್ಯಾನುಗಳು. ಇಷ್ಟೆಲ್ಲ ಒಂದೇ ರಸ್ತೆಯಲ್ಲಿ. 2010ರಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹತ್ತು ಕಿಲೋಮೀಟರಿನಷ್ಟು ಮೇಲ್ಸೇತುವೆ ಬಂತು. ಅದರಿಂದ ಇಳಿದು, ಚಂದಾಪುರದಲ್ಲಿ ಎಡಕ್ಕೋ ಬಲಕ್ಕೋ ತಿರುಗಿದರೆ ಮತ್ತೆ ಹಳ್ಳಿಯ ರಸ್ತೆ. ದೀಪವಿಲ್ಲದ ತಿರುವು, ಹೆಸರಿಲ್ಲದ ಉಬ್ಬು, ದಾರಿ ಬದಿಯಲ್ಲಿ ಪಾಳಿ ಮುಗಿಸಿ ನಡೆದುಹೋಗುವ ಹೆಂಗಸರು. ಕುಡಿದವನ ಬೈಕಿಗೆ ಮೊದಲು ಸಿಗುವವರು ಇವರೇ.

ಬೀಗರೂಟದ ಮಧ್ಯಾಹ್ನ

ಕುಡಿದು ವಾಹನ ಓಡಿಸುವುದು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ನಗರದ ಪಬ್ಬು, ಡಿಸೆಂಬರ್ 31ರ ರಾತ್ರಿ, ಐಷಾರಾಮಿ ಕಾರು. ಆನೇಕಲ್ಲಿನಂಥ ತಾಲ್ಲೂಕಿನಲ್ಲಿ ಅದರ ನಿಜವಾದ ಜಾಗ ಬೇರೆ. ಅದು ಮದುವೆ ಕಳೆದ ಮೇಲಿನ ಬೀಗರೂಟ, ಊರಹಬ್ಬ, ಚುನಾವಣೆಯ ಹಿಂದಿನ ವಾರ, ಸೈಟು ಮಾರಿದ ದಿನದ ಸಂಭ್ರಮ.

ಬೀಗರೂಟವನ್ನೇ ನೋಡಿ. ಮಾಂಸದೂಟ ಇದ್ದ ಮೇಲೆ 'ಅದೂ' ಇರಬೇಕು ಎನ್ನುವುದು ಈಗ ಅಲಿಖಿತ ನಿಯಮ. ಛತ್ರದ ಹಿಂಭಾಗದಲ್ಲಿ, ಮಾವಿನ ತೋಪಿನ ನೆರಳಿನಲ್ಲಿ, ಕಾರಿನ ಡಿಕ್ಕಿ ತೆರೆದಿಟ್ಟು ಪ್ಲಾಸ್ಟಿಕ್ ಲೋಟಗಳು ಕೈಯಿಂದ ಕೈಗೆ ಹೋಗುತ್ತವೆ. ಬೇಡ ಎಂದವನನ್ನು ಬಿಡುವುದಿಲ್ಲ; 'ನಮ್ಮ ಮನೆ ಊಟಕ್ಕೆ ಬಂದು ಹಾಗೇ ಹೋಗ್ತೀರಾ?' ಮೂರು ಗಂಟೆಯ ಬಿಸಿಲಿನಲ್ಲಿ ಊಟ ಮುಗಿಯುತ್ತದೆ. ಆಮೇಲೆ ಗಂಡಸು ಸ್ಕೂಟರಿನ ಮೇಲೆ ಕೂರುತ್ತಾನೆ, ಮುಂದೆ ನಿಂತ ಐದು ವರ್ಷದ ಮಗು ಹ್ಯಾಂಡಲ್ ಹಿಡಿಯುತ್ತದೆ, ಹಿಂದೆ ರೇಷ್ಮೆ ಸೀರೆಯ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಕೂಸು. ಹೆಂಡತಿಗೆ ಗೊತ್ತು. ಬಾಗಿಲಲ್ಲಿ ನಿಂತು ಬೀಳ್ಕೊಡುವ ಹತ್ತು ಜನಕ್ಕೂ ಗೊತ್ತು. 'ನಿಧಾನವಾಗಿ ಹೋಗಪ್ಪಾ' ಎನ್ನುತ್ತಾರೆ. 'ಹೋಗಬೇಡ' ಎನ್ನುವವರು ಯಾರೂ ಇಲ್ಲ.

ಮನೋಭಾವ ಬದಲಾಗಿದೆ ಎಂದು ಹೇಳುವ ಮುನ್ನ ಈ ದೃಶ್ಯ ಮನಸ್ಸಿನಲ್ಲಿರಲಿ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ 185ನೇ ಕಲಮು ಇವತ್ತಿಗೂ ಈ ವಿಷಯದ ಮೂಲ. ಉಸಿರು ಪರೀಕ್ಷೆಯ ಯಂತ್ರದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಮ್‌ಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಮೂಲ ಕಾಯ್ದೆ ಹೇಳಿತ್ತು. ಎರಡು ಸಾವಿರ ಎನ್ನುವುದು 1989ರಲ್ಲಿ ದೊಡ್ಡ ಮೊತ್ತವೇ. ಮೂವತ್ತು ವರ್ಷಗಳಲ್ಲಿ ಅದು ಒಂದು ರಾತ್ರಿಯ ಬಾರ್ ಬಿಲ್ಲಿಗಿಂತ ಕಡಿಮೆಯಾಯಿತು. 2019ರ ತಿದ್ದುಪಡಿಯಲ್ಲಿ ದಂಡ 10,000ಕ್ಕೆ ಏರಿತು. ಮತ್ತೊಮ್ಮೆ ಸಿಕ್ಕಿದರೆ 15,000 ದಂಡ ಅಥವಾ ಎರಡು ವರ್ಷಗಳವರೆಗೆ ಸೆರೆ, ಇಲ್ಲವೇ ಎರಡೂ. ಇದು ಸ್ಥಳದಲ್ಲೇ ರಸೀದಿ ಹರಿಸಿಕೊಂಡು ಹೋಗುವ ತಪ್ಪಲ್ಲ. ಗಾಡಿ ಠಾಣೆಯಲ್ಲಿ, ಮಾಲೀಕ ನ್ಯಾಯಾಲಯದ ಮುಂದೆ.

ಆದರೂ ಕಾಗದದ ಕಾನೂನಿಗೂ ರಸ್ತೆಯ ಕಾನೂನಿಗೂ ಅಂತರವಿದೆ. ಎಲೆಕ್ಟ್ರಾನಿಕ್ ಸಿಟಿಯವರೆಗಿನ ರಸ್ತೆ ಬೆಂಗಳೂರು ನಗರ ಪೊಲೀಸರದು. ಅದರಾಚೆಗೆ ಅತ್ತಿಬೆಲೆ, ಆನೇಕಲ್, ಸರ್ಜಾಪುರ ಠಾಣೆಗಳು ಜಿಲ್ಲಾ ಪೊಲೀಸರಿಗೆ ಸೇರುತ್ತವೆ. ನಗರದಲ್ಲಿ ವಾರಾಂತ್ಯ ಬಂತೆಂದರೆ ಬ್ಯಾರಿಕೇಡ್ ಇಟ್ಟು ಊದಿಸುವುದು ಎಲ್ಲರಿಗೂ ಪರಿಚಿತ. ಹೊಸವರ್ಷದ ರಾತ್ರಿ ಮೇಲ್ಸೇತುವೆಗಳನ್ನೇ ಮುಚ್ಚುತ್ತಾರೆ. ತಾಲ್ಲೂಕಿನ ಒಳರಸ್ತೆಯಲ್ಲಿ ಹಾಗೆ ನಿಲ್ಲಿಸಿ ಊದಿಸುವವರು ಕಡಿಮೆ. ಹೀಗಾಗಿ ನಗರದಲ್ಲಿ ಹುಷಾರಾಗಿರುವ ಅದೇ ಮನುಷ್ಯ ಚಂದಾಪುರ ದಾಟಿದ ಮೇಲೆ ಧೈರ್ಯಶಾಲಿಯಾಗುತ್ತಾನೆ. ಎದುರಿನಿಂದ ಬರುವವನು ಹೆಡ್‌ಲೈಟು ಮಿಟುಕಿಸಿ 'ಮುಂದೆ ಚೆಕಿಂಗ್ ಇದೆ' ಎಂದು ಉಪಕಾರ ಬೇರೆ ಮಾಡುತ್ತಾನೆ! ಯಾರಿಗೆ ಉಪಕಾರ? ಆ ಎಚ್ಚರಿಕೆ ಪಡೆದು ಒಳದಾರಿ ಹಿಡಿದ ಕುಡುಕ, ಉಪಕಾರ ಮಾಡಿದವನ ಮಗಳು ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುವ ದಾರಿಯಲ್ಲೇ ಹೋಗಿರಬಹುದು.

ಒಂದು ಲೆಕ್ಕ

ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ; ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಸುಲಭ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಗಾತ್ರದಲ್ಲಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. 60 ಮಿಲಿಲೀಟರಿನ ಒಂದು ದೊಡ್ಡ ಪೆಗ್ಗಿನಲ್ಲಿ ಹೆಚ್ಚುಕಡಿಮೆ 20 ಗ್ರಾಂ. ಅದು ಹೊಟ್ಟೆ ಸೇರಿ, ರಕ್ತದ ಮೂಲಕ ಮೈಯ ನೀರಿನಲ್ಲೆಲ್ಲ ಹರಡುತ್ತದೆ. ಇದಕ್ಕೊಂದು ಸೂತ್ರವನ್ನು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1932ರಲ್ಲಿ ಕೊಟ್ಟರು. ಅದರ ಪ್ರಕಾರ 60 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಒಂದು ದೊಡ್ಡ ಪೆಗ್ಗಿಗೆ ಸುಮಾರು 50 ಮಿಲಿಗ್ರಾಂ ಏರುತ್ತದೆ. ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಕಾನೂನಿನ ಮಿತಿ 30. ಅಂದರೆ 'ಒಂದೇ ಒಂದು' ಎನ್ನುವಾತ ಆ ಒಂದರಲ್ಲೇ ಗೆರೆ ದಾಟಿರುತ್ತಾನೆ.

'ನಾನು ಬರೀ ಬೀರು' ಎನ್ನುವವರೂ ಉಂಟು. ಶೇ 7-8ರ ಸ್ಟ್ರಾಂಗ್ ಬೀರಿನ 650 ಮಿಲಿಲೀಟರ್ ಬಾಟಲಿಯಲ್ಲಿರುವ ಮದ್ಯಸಾರ ಎರಡು ದೊಡ್ಡ ಪೆಗ್ಗುಗಳಿಗೆ ಹತ್ತಿರ ಹತ್ತಿರ ಸಮ. ಹಳದಿ ಬಣ್ಣ, ನೊರೆ ನೋಡಿ ಅದನ್ನು ಷರಬತ್ತಿನ ಜಾತಿಗೆ ಸೇರಿಸುವುದು ನಮ್ಮ ಹುಡುಗರ ದೊಡ್ಡ ತಪ್ಪು ತಿಳಿವಳಿಕೆ.

ಇನ್ನು ಇಳಿಯುವ ಲೆಕ್ಕ. ಯಕೃತ್ತು ತನ್ನ ಪಾಡಿಗೆ, ಗಂಟೆಗೆ ಸುಮಾರು 15 ಮಿಲಿಗ್ರಾಮಿನಂತೆ ಮದ್ಯಸಾರವನ್ನು ಇಳಿಸುತ್ತಾ ಹೋಗುತ್ತದೆ. ಅದಕ್ಕೆ ಅವಸರ ಹೇಳಲು ಬರುವುದಿಲ್ಲ. ನಿಂಬೆರಸ, ಮಜ್ಜಿಗೆ, ಸ್ಟ್ರಾಂಗ್ ಕಾಫಿ, ತಣ್ಣೀರಿನ ಸ್ನಾನ ಯಾವುದಕ್ಕೂ ಅದು ಬಗ್ಗುವುದಿಲ್ಲ. ಕಾಫಿ ಕುಡಿದ ಕುಡುಕ ಎಚ್ಚರವಾಗಿರುವ ಕುಡುಕ, ಅಷ್ಟೇ. ಏಲಕ್ಕಿಯೂ ಪಾನ್ ಮಸಾಲೆಯೂ ಪೊಲೀಸರ ಮೂಗಿಗೆ ಮೋಸ ಮಾಡಬಹುದು, ಯಂತ್ರಕ್ಕಲ್ಲ. ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಉಸಿರು ಮಾಪಕ, ಮತ್ತು ಅದರ ನಂತರದ ಎಲ್ಲ ಯಂತ್ರಗಳೂ, ಅಳೆಯುವುದು ಶ್ವಾಸಕೋಶದ ಆಳದಿಂದ ಬಂದ ಗಾಳಿಯನ್ನು. ಅಲ್ಲಿ ರಕ್ತವೂ ಗಾಳಿಯೂ ಮುಖಾಮುಖಿಯಾಗುತ್ತವೆ. ಬಾಯಿಯ ಪರಿಮಳಕ್ಕೆ ಅಲ್ಲಿ ಕೆಲಸವಿಲ್ಲ.

ಈಗ ಲೆಕ್ಕ ಕೂಡಿಸಿ. ರಾತ್ರಿ 11ಕ್ಕೆ ಒಬ್ಬಾತ 180 ಮಿಲಿಲೀಟರಿನ 'ಕ್ವಾರ್ಟರ್' ಮುಗಿಸಿ ಮಲಗಿದ ಎನ್ನೋಣ. ರಕ್ತದಲ್ಲಿ ಸುಮಾರು 150. ಬೆಳಿಗ್ಗೆ 6ಕ್ಕೆ ಏಳುತ್ತಾನೆ, ಸ್ನಾನ ಮಾಡುತ್ತಾನೆ, ವಿಭೂತಿ ಇಡುತ್ತಾನೆ. ಏಳು ಗಂಟೆಗಳಲ್ಲಿ ಇಳಿದದ್ದು 105. ಉಳಿದದ್ದು 45. ಇನ್ನೂ ಮಿತಿಗಿಂತ ಮೇಲೆ. ದೇಹಕ್ಕೆ ದೇಹಕ್ಕೆ ಇದು ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ಊಟದ ಮೇಲೆ ಕುಡಿದರೆ ಏರುವುದು ನಿಧಾನ. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ. ಆ ಮನುಷ್ಯನಿಗೆ ತಾನು ಕುಡಿದಿದ್ದೇನೆ ಎಂಬ ಭಾವನೆಯೇ ಇರುವುದಿಲ್ಲ. 'ಅದು ನಿನ್ನೆಯ ಮಾತು' ಎನ್ನುತ್ತಾನೆ. ಆತ ನಿಮ್ಮ ಮಗುವಿನ ಶಾಲಾ ವ್ಯಾನಿನ ಚಾಲಕನಾಗಿದ್ದರೆ?

ಇದು ಊಹೆಯ ಪ್ರಶ್ನೆಯಲ್ಲ. ಬೆಂಗಳೂರು ಸಂಚಾರ ಪೊಲೀಸರು ಇತ್ತೀಚಿನ ವರ್ಷಗಳಲ್ಲಿ ಬೆಳಗಿನ ಹೊತ್ತಿನಲ್ಲೇ ಶಾಲಾ ವಾಹನಗಳನ್ನು ನಿಲ್ಲಿಸಿ ಚಾಲಕರನ್ನು ಪರೀಕ್ಷಿಸಿದ್ದಾರೆ. ಪ್ರತಿ ಸಲವೂ ಕೆಲವರು ಸಿಕ್ಕಿಬಿದ್ದಿದ್ದಾರೆ. ಸಾವಿರಾರು ಚಾಲಕರಲ್ಲಿ ಬೆರಳೆಣಿಕೆಯಷ್ಟು ಮಂದಿ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಒಂದು ವ್ಯಾನಿನಲ್ಲಿ ಹದಿನೈದು ಮಕ್ಕಳಿರುತ್ತಾರೆ ಎಂದು ನೆನಪಾದರೆ ಸಮಾಧಾನ ಉಳಿಯುವುದಿಲ್ಲ. ಶಾಲೆ ಸೇರಿಸುವಾಗ ಡೊನೇಷನ್, ಸಿಲೆಬಸ್, ಈಜುಕೊಳ ಎಲ್ಲ ವಿಚಾರಿಸುವ ನಾವು, ವ್ಯಾನಿನವನ ಬಗ್ಗೆ ಕೇಳುವುದು ತಿಂಗಳ ಬಾಡಿಗೆ ಎಷ್ಟು ಎಂದಷ್ಟೇ.

ಹೊರಗಿನವರು ಹೇಗೆ ಬದಲಾದರು?

ಈ ವಿಷಯದಲ್ಲಿ ಯಾವ ದೇಶವೂ ಹುಟ್ಟಿನಿಂದಲೇ ಸಭ್ಯವಾಗಿರಲಿಲ್ಲ. ರಕ್ತದಲ್ಲಿ ಇಷ್ಟೇ ಇರಬೇಕೆಂದು ಗೆರೆ ಎಳೆದ ಮೊದಲ ದೇಶ ನಾರ್ವೆ, 1936ರಲ್ಲಿ. ಬ್ರಿಟನ್ನಿನಲ್ಲಿ ಬಾರ್ಬರಾ ಕ್ಯಾಸಲ್ ಎಂಬ ಗಟ್ಟಿಗಿತ್ತಿ ಸಾರಿಗೆ ಸಚಿವೆ 1967ರ ಅಕ್ಟೋಬರಿನಲ್ಲಿ ಉಸಿರು ಪರೀಕ್ಷೆ ತಂದಾಗ ಪಬ್ ಮಾಲೀಕರು ಹಲ್ಲು ಕಡಿದರು. ಮೊದಲ ವರ್ಷದಲ್ಲೇ ರಸ್ತೆ ಸಾವುಗಳು ಸಾವಿರಕ್ಕೂ ಹೆಚ್ಚು ಕಡಿಮೆಯಾದವು. ಕುತೂಹಲದ ಸಂಗತಿಯೆಂದರೆ, ಸಿಕ್ಕಿಬೀಳುವ ಸಂಭವ ತಾವು ಹೆದರಿದಷ್ಟು ಇಲ್ಲ ಎಂದು ಜನಕ್ಕೆ ಗೊತ್ತಾಗುತ್ತಿದ್ದಂತೆ ಆ ಪರಿಣಾಮ ಕರಗುತ್ತಾ ಹೋಯಿತು. ಬರೀ ಭಯದಿಂದ ಬಂದ ಬುದ್ಧಿ ಭಯದ ಜೊತೆಗೇ ಹೋಗುತ್ತದೆ.

ಅಮೆರಿಕದ ಕತೆ ತಾಯಿಯೊಬ್ಬಳದು. 1980ರ ಮೇ 3ರಂದು ಕ್ಯಾಲಿಫೋರ್ನಿಯಾದಲ್ಲಿ ಹದಿಮೂರು ವರ್ಷದ ಕ್ಯಾರಿ ಎಂಬ ಹುಡುಗಿ ಚರ್ಚಿನ ಜಾತ್ರೆಗೆ ನಡೆದುಹೋಗುತ್ತಿದ್ದಳು. ಹಿಂದಿನಿಂದ ಬಂದ ಕಾರು ಅವಳನ್ನು ಹೊಡೆದುಕೊಂಡು ಹೋಯಿತು. ಓಡಿಸುತ್ತಿದ್ದವನು ಕುಡಿದಿದ್ದ, ಇಂಥದೇ ಇನ್ನೊಂದು ಪ್ರಕರಣದಲ್ಲಿ ಎರಡು ದಿನದ ಹಿಂದಷ್ಟೇ ಜಾಮೀನು ಪಡೆದು ಹೊರಬಂದಿದ್ದ. ಇದಕ್ಕೆ ಹೆಚ್ಚಿನ ಶಿಕ್ಷೆಯೇನೂ ಆಗಲಾರದು ಎಂದು ತಿಳಿದಾಗ ತಾಯಿ ಕ್ಯಾಂಡೇಸ್ ಲೈಟ್ನರ್ 'ಕುಡಿದು ಓಡಿಸುವವರ ವಿರುದ್ಧ ತಾಯಂದಿರು' ಎಂಬ ಸಂಘಟನೆ ಕಟ್ಟಿದಳು. ಅದುವರೆಗೆ 'ದುರದೃಷ್ಟ' ಎನಿಸಿಕೊಂಡಿದ್ದುದು ಅಪರಾಧ ಎನಿಸಿಕೊಳ್ಳತೊಡಗಿದ್ದು ಆ ಮೇಲೆ. ಕುಡಿಯುವ ವಯಸ್ಸು 21 ಆಗಬೇಕೆಂಬ 1984ರ ಅಮೆರಿಕದ ಕಾನೂನಿನ ಹಿಂದೆಯೂ ಆ ತಾಯಂದಿರ ಒತ್ತಡವಿತ್ತು.

ನಮ್ಮ ಬೀಗರೂಟಕ್ಕೆ ಹತ್ತಿರ ಬರುವ ಪಾಠ ಮಾತ್ರ ಜಪಾನಿನದು. ಅಲ್ಲಿಯೂ ಮೇಲಧಿಕಾರಿಯ ಜೊತೆ, ನೆಂಟರ ಜೊತೆ ಕುಡಿಯುವುದು ಮರ್ಯಾದೆಯ ಪ್ರಶ್ನೆ. 2006ರ ಆಗಸ್ಟಿನಲ್ಲಿ ಫುಕುವೊಕಾದಲ್ಲಿ ಕುಡಿದವನ ಕಾರು ಹಿಂದಿನಿಂದ ಗುದ್ದಿದ ರಭಸಕ್ಕೆ ಒಂದು ಕುಟುಂಬದ ವಾಹನ ಸೇತುವೆಯಿಂದ ಸಮುದ್ರಕ್ಕೆ ಬಿದ್ದು ಮೂರು ಪುಟ್ಟ ಮಕ್ಕಳು ಸತ್ತರು. ಮರುವರ್ಷ ಜಪಾನ್ ಕಾನೂನನ್ನು ಬಿಗಿ ಮಾಡಿತು. ಓಡಿಸುವವನು ಎಂದು ಗೊತ್ತಿದ್ದೂ ಅವನಿಗೆ ಮದ್ಯ ಕೊಟ್ಟವನಿಗೂ, ಕುಡಿದಿದ್ದಾನೆಂದು ಗೊತ್ತಿದ್ದೂ ಗಾಡಿ ಕೊಟ್ಟವನಿಗೂ, ಜೊತೆಯಲ್ಲಿ ಕೂತು ಬಂದವನಿಗೂ ಶಿಕ್ಷೆ! ಈ ಕಾನೂನು ಇಲ್ಲಿದ್ದಿದ್ದರೆ ಛತ್ರದ ಬಾಗಿಲಲ್ಲಿ ನಿಂತು 'ನಿಧಾನವಾಗಿ ಹೋಗಪ್ಪಾ' ಎಂದ ಹತ್ತು ಜನರಲ್ಲಿ ಕೆಲವರಾದರೂ ಆರೋಪಿಗಳಾಗುತ್ತಿದ್ದರು.

ಹೆದ್ದಾರಿ, ಖಜಾನೆ

ನಮ್ಮಲ್ಲೂ ದೊಡ್ಡ ಪ್ರಯತ್ನವೊಂದು ನಡೆಯಿತು. 1996ರಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಗಾಲಿಕುರ್ಚಿ ಹಿಡಿದ ಚಂಡೀಗಢದ ಹರ್ಮನ್ ಸಿಧು ಹೆದ್ದಾರಿ ಬದಿಯ ಮದ್ಯದಂಗಡಿಗಳ ವಿರುದ್ಧ ಹೋರಾಡಿದರು. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದೆಂದಿತು. ಮರುವರ್ಷ, ಜನಸಂಖ್ಯೆ 20,000 ಮೀರದ ಊರುಗಳಿಗೆ ಅದು 220 ಮೀಟರ್ ಆಯಿತು. 2017ರ ಜುಲೈ 1ರಂದು ಬೆಂಗಳೂರಿನ ಎಂ.ಜಿ. ರಸ್ತೆಯ ಬಾರುಗಳ ಬಾಗಿಲೂ ಮುಚ್ಚಿದ್ದವು. ಆಮೇಲೆ ನಡೆದದ್ದು ನಮ್ಮ ದೇಶದ ಜಾಣತನದ ಪ್ರದರ್ಶನ. ಕೆಲವು ರಾಜ್ಯಗಳು ಹೆದ್ದಾರಿಗಳ ಹೆಸರನ್ನೇ ಬದಲಿಸಿದವು. ಕೇರಳದ ಪರವೂರಿನ ಬಾರೊಂದು ಮುಂಬಾಗಿಲಿಗೆ ಚಕ್ರವ್ಯೂಹದಂಥ ಗೋಡೆ ಕಟ್ಟಿಸಿ ನಡೆಯುವ ದೂರವನ್ನೇ ಹಿಗ್ಗಿಸಿಕೊಂಡಿತು! ಪುರಸಭೆ, ನಗರಸಭೆಗಳ ವ್ಯಾಪ್ತಿಗೆ ಈ ನಿಷೇಧ ಅನ್ವಯಿಸಬೇಕಿಲ್ಲವೆಂದು ನ್ಯಾಯಾಲಯವೂ ಅದೇ ಜುಲೈನಲ್ಲಿ ಸ್ಪಷ್ಟಪಡಿಸಿತು.

ಸರ್ಕಾರದ ಕಷ್ಟವೂ ಗೊತ್ತಿರುವುದೇ. 2025-26ರ ಬಜೆಟ್ಟಿನಲ್ಲಿ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಒಂದು ಕೈಯಲ್ಲಿ ಊದುವ ಯಂತ್ರ, ಇನ್ನೊಂದು ಕೈಯಲ್ಲಿ ವಸೂಲಿ ಗುರಿ. ಹಾಗೆಂದು ಪೂರ್ತಿ ನಿಲ್ಲಿಸಿಬಿಟ್ಟರೆ ಸರಿಹೋಗುತ್ತದೆಯೇ ಎಂದರೆ ಆನೇಕಲ್ಲಿನವರು ಬೇರೆಯೇ ಪಾಠ ಕಲಿತಿದ್ದಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಕಳ್ಳಬಟ್ಟಿ ಕುಡಿದು ಆನೇಕಲ್, ಕೋಲಾರ, ಗಡಿಯಾಚೆಯ ಹೊಸೂರು ಕಡೆಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಬಡವರು ಸತ್ತರು.

ಕುಡಿಯುವುದು ಬಿಡುವುದು ಬೇರೆ ಚರ್ಚೆ. ಕುಡಿದವನ ಕೈಗೆ ಬೀಗದಕೈ ಕೊಡದಿರುವುದಕ್ಕೆ ಖಜಾನೆಯ ಅಪ್ಪಣೆ ಬೇಕಿಲ್ಲ.

ಮಕ್ಕಳು ನೋಡುತ್ತಿದ್ದಾರೆ

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಸರ್ಕಾರಿ ಪಟ್ಟಿಯಲ್ಲಿ ಕುಡಿತದ ಪಾಲು ಶೇಕಡಾ ಮೂರನ್ನೂ ಮುಟ್ಟುವುದಿಲ್ಲ, ಅತಿವೇಗವೇ ಸಿಂಹಪಾಲು. ಈ ಅಂಕಿ ನೋಡಿ ನೆಮ್ಮದಿಪಡಬೇಕಿಲ್ಲ. ಅಪಘಾತವಾದ ಮೇಲೆ ಎಲ್ಲರ ರಕ್ತ ಪರೀಕ್ಷೆಯಾಗುವುದಿಲ್ಲ. ಅತಿವೇಗ ಎಂದು ಬರೆದ ಎಷ್ಟು ಸಾಲುಗಳ ಹಿಂದೆ ಬಾಟಲಿಯಿತ್ತೋ ಯಾರು ಕಂಡರು? ವಿಮೆ ತಪ್ಪೀತೆಂದು ಮನೆಯವರೂ ಬಾಯಿ ಬಿಡುವುದಿಲ್ಲ.

ತಂದೆ ತಾಯಂದಿರಿಗೆ 2019ರ ತಿದ್ದುಪಡಿ ಇನ್ನೊಂದು ಹೊರೆಯನ್ನೂ ಹೊರಿಸಿದೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಕೊಂದದ್ದು ನೆನಪಿರಬಹುದು. ಮೊದಲು ಸಿಕ್ಕ ಜಾಮೀನಿಗೆ 300 ಪದಗಳ ಪ್ರಬಂಧ ಬರೆಯಬೇಕೆಂಬ ಷರತ್ತಿತ್ತು. ದೇಶ ರೇಗಿತು. ಬಳಿಕ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರೂ ಹುಡುಗನ ಹೆತ್ತವರೂ ಬಂಧಿತರಾದರು. ಈ ಪ್ರಕರಣದಲ್ಲಿ ಮನಸ್ಸನ್ನು ಹೆಚ್ಚು ಕಲಕುವುದು ಹುಡುಗನ ವರ್ತನೆಗಿಂತ ಆ ನಂತರದ ದೊಡ್ಡವರ ಆತುರ.

ಅಪ್ಪ ಕುಡಿದು ಬೈಕು ಹತ್ತುವುದನ್ನು ಹತ್ತು ವರ್ಷ ನೋಡಿದ ಮಗನಿಗೆ ಶಾಲೆಯ ಭಿತ್ತಿಪತ್ರ ಏನು ಕಲಿಸೀತು?

ಆದರೂ ಬದಲಾವಣೆ ಇಲ್ಲವೆಂದರೆ ಸುಳ್ಳಾದೀತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಲ್ಲಿ ಪಾರ್ಟಿಗೆ ಹೊರಡುವ ಮುನ್ನವೇ 'ಇವತ್ತು ಯಾರು ಕುಡಿಯಲ್ಲ?' ಎಂದು ಕೇಳಿಕೊಂಡು ಒಬ್ಬನಿಗೆ ಸ್ಟಿಯರಿಂಗ್ ವಹಿಸುವವರಿದ್ದಾರೆ. ಮೊಬೈಲಿನಲ್ಲಿ ಕ್ಯಾಬು ಕರೆದು ಗಾಡಿಯನ್ನು ಅಲ್ಲೇ ಬಿಟ್ಟು ಬರುವುದು ಅವರಿಗೆ ಅವಮಾನವಲ್ಲ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊ ಹಳದಿ ಮಾರ್ಗ ಆರಂಭವಾದ ಮೇಲೆ ಇನ್ನೊಂದು ನೆಪವೂ ಹೋಯಿತು. ಬೊಮ್ಮಸಂದ್ರದಿಂದ ಮುಂದಕ್ಕೆ, ಅತ್ತಿಬೆಲೆ, ಆನೇಕಲ್ಲಿಗೆ, ರಾತ್ರಿ ಹೊತ್ತು ಬಸ್ಸು ಸಿಗುವುದು ಇಂದಿಗೂ ಅದೃಷ್ಟದ ಮಾತು. ಕುಡಿದವನು ಗಾಡಿ ಹತ್ತುವುದಕ್ಕೆ ಇದೂ ಒಂದು ಕಾರಣ ಎಂಬುದನ್ನು ಸಾರಿಗೆ ಇಲಾಖೆಯವರು ಯೋಚಿಸಬೇಕು.

ಕಳೆದ ವರ್ಷ ಆನೇಕಲ್ ಹತ್ತಿರದ ಒಂದು ಛತ್ರದಲ್ಲಿ ಬೀಗರೂಟಕ್ಕೆ ಹೋಗಿದ್ದೆ. ಊಟ ಮುಗಿಸಿ ಹೊರಬಂದ ನಡುವಯಸ್ಸಿನ ಒಬ್ಬರು ಪಂಚೆ ಸರಿಮಾಡಿಕೊಳ್ಳುತ್ತಾ ಬೈಕಿನ ಬಳಿ ನಿಂತರು. ಜೇಬು ತಡಕಿದರು. ಬೀಗದಕೈ ಇರಲಿಲ್ಲ. ಡಿಗ್ರಿ ಓದುತ್ತಿದ್ದಿರಬೇಕು, ಮಗಳು ಎರಡು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದಳು. 'ಕೊಡೇ' ಎಂದರು. 'ಕೊಡಲ್ಲಪ್ಪ' ಎಂದಳು. ನೆಂಟರೆಲ್ಲ ತಿರುಗಿ ನೋಡಿದರು. ಅಪ್ಪನ ಮುಖ ಕೆಂಪಾಯಿತು. ಒಂದು ಕ್ಷಣ ಏಟು ಬೀಳುತ್ತದೆ ಎಂದೇ ಅನಿಸಿತು. ಅಷ್ಟರಲ್ಲಿ ಅಜ್ಜಿಯೊಬ್ಬಳು ಎಲೆ ಅಡಿಕೆ ಜಗಿಯುತ್ತಾ, 'ಅವಳಿಗೆ ಲೈಸೆನ್ಸ್ ಐತಲ್ಲೋ, ಅವಳೇ ಓಡಿಸ್ಲಿ, ನೀನ್ ಹಿಂದೆ ಕೂತ್ಕೋ' ಎಂದಳು. ಯಾರೋ ನಕ್ಕರು. ಅವರೂ ಗೊಣಗುತ್ತಾ ಹಿಂದೆ ಕೂತರು. ಮಗಳು ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಗಾಡಿ ಸ್ಟಾರ್ಟ್ ಮಾಡಿ, ಚಂದಾಪುರದ ರಸ್ತೆಗೆ ತಿರುಗಿಸಿದಳು.